ಪರದೆ ಕುಣಿಯದ ಭಾನುವಾರ

ಎರ್ನಾ ಬಾಕೆಲಾಂಟ್‌ಗೆ ಪಾರಿವಾಳ ಕಂಡರೆ ಆಗುತ್ತಿರಲಿಲ್ಲ. ಅದನ್ನವಳು ಮುಚ್ಚಿಟ್ಟವಳೂ ಅಲ್ಲ. ಗುಟುರು ಹಾಕುವುದು, ಹಿಕ್ಕೆ ಹಾಕುವುದು, ಇವೆರಡು ಬಿಟ್ಟರೆ ಮೂರನೆಯ ಕೆಲಸ ಬಾರದ ಹಕ್ಕಿ ಎಂದು ಪಾರಿವಾಳ ಸಂಘದ ಸಭೆಯಲ್ಲೇ ಹೇಳುತ್ತಿದ್ದಳು. ಮನೆಗೆ ದಾರಿ ಹುಡುಕಿಕೊಂಡು ಬರುತ್ತದಲ್ಲ ಎಂದು ಯಾರಾದರೂ ಬಾಯಿ ಹಾಕಿದರೆ, "ಆ ಒಂದು ವಿದ್ಯೆ ನಿಮಗೂ ಬಂದಿದ್ರೆ ನಿಮ್ಮ ಹೆಂಡ್ತಿಯರು ಕಫೆಗೆ ಫೋನ್ ಮಾಡೋದು ತಪ್ತಿತ್ತು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇಂಥವಳು ಹನ್ನೊಂದು ವರ್ಷದಿಂದ ನಮ್ಮೂರು ಜ್ವಾನ್‌ಬೇಕದ 'ವೇಗದೂತ' ಪಾರಿವಾಳ ಸಂಘಕ್ಕೆ ಕಾರ್ಯದರ್ಶಿ.

ಬೇರೆ ಯಾರಿದ್ದರು ಹೇಳಿ. ಸಂಘದ ಹತ್ತೊಂಬತ್ತು ಗಂಡಸರಲ್ಲಿ ಭಾಗಾಕಾರ ಬರುವವರು ಮೂವರು. ಮೂವರಿಗೂ ಮೂರು ಉತ್ತರ ಬರುತ್ತಿತ್ತು. ಮೊದಲೆಲ್ಲ ಲೆಕ್ಕ ಮಾಡಿಕೊಡಲು ಪ್ರಾಂತದ ಕಚೇರಿಯಿತ್ತು. ಯಾವುದೋ ವರ್ಷ ಅಲ್ಲಿಯವರು ಯಾರದ್ದೋ ಪಾರಿವಾಳದ ವೇಗದಲ್ಲಿ ದಶಾಂಶದಾಚೆಯ ಒಂದು ಅಂಕಿಯನ್ನು ನುಂಗಿಹಾಕಿದರು ಅಂತ ಜಗಳವಾಗಿ, ನಮ್ಮವರು ಎದ್ದು ಬಂದುಬಿಟ್ಟರು. ಆ ಪಾರಿವಾಳ ಸತ್ತು ಎಷ್ಟೋ ಕಾಲವಾಯಿತು, ಅದರ ಯಜಮಾನನೂ ಸತ್ತ, ಜಗಳ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಹಾಗಾಗಿ ಭಾನುವಾರದ ಪಂದ್ಯಗಳ ಲೆಕ್ಕವನ್ನು ಸಂಘವೇ ಮಾಡಿಕೊಳ್ಳಬೇಕು, ಸಂಘ ಹೇಳಿದ್ದೇ ಕೊನೆಯ ಮಾತು.

ಎರ್ನಾ ಊರ ಆಡಳಿತ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಜನನ, ಮರಣ, ಮದುವೆ, ಮನೆ ಬದಲಾವಣೆ ದಾಖಲಿಸಿದವಳು. ಜ್ವಾನ್‌ಬೇಕದಲ್ಲಿ ಅವಳ ಕೈದಾಟದೆ ಯಾರೂ ಹುಟ್ಟುವಂತಿರಲಿಲ್ಲ, ಸಾಯುವಂತೆಯೂ ಇರಲಿಲ್ಲ. ಯಾರ ಮದುವೆಗೂ ಯಾರ ಮೊದಲ ಮಗುವಿಗೂ ನಡುವೆ ಎಷ್ಟು ತಿಂಗಳು ಎಂಬುದು ಊರಲ್ಲಿ ಅವಳೊಬ್ಬಳಿಗೇ ಗೊತ್ತು. ಅವಳು ಅದನ್ನೆಂದೂ ಬಾಯಿ ಬಿಟ್ಟವಳಲ್ಲ, ಆದರೆ ಗೊತ್ತು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅವಳು ಮದುವೆಯಾಗಲಿಲ್ಲ. ಅಷ್ಟೊಂದು ಮದುವೆಗಳನ್ನು ಬರೆದ ಮೇಲೆ ಆಸೆ ಹುಟ್ಟಲಿಲ್ಲ ಎಂದು ಕೇಳಿದವರಿಗೆ ಹೇಳುತ್ತಿದ್ದಳು. ಚರ್ಚಿನ ಹಿಂದಿನ ಬೀದಿಯಲ್ಲಿ, ಅಪ್ಪನ ಮನೆಯಲ್ಲೇ, ಅಣ್ಣ ಫರ್ಮಿನ್‌ನ ಜೊತೆ ಇದ್ದಳು. ಸಂಘಕ್ಕೆ ಅವಳನ್ನು ಎಳೆದು ತಂದದ್ದೂ ಆ ಅಣ್ಣನೇ.

ಫರ್ಮಿನ್‌ಗೆ ಎಪ್ಪತ್ತೊಂದು ವರ್ಷ. ನಲವತ್ತೊಂದು ವರ್ಷ ಪಾರಿವಾಳ ಹಾರಿಸಿದ ಮನುಷ್ಯ, ಒಂದೇ ಒಂದು ಸಲವೂ ಮೊದಲು ಬಂದವನಲ್ಲ. ಎರಡನೆಯವನಾಗಿದ್ದಾನೆ, ನಾಲ್ಕನೆಯವನಾಗಿದ್ದಾನೆ, ಒಮ್ಮೆ ಅವನ ಹಕ್ಕಿ ಎಲ್ಲರಿಗಿಂತ ಮುಂದೆ ಊರಿಗೆ ಬಂದು ಅರ್ಧ ಗಂಟೆ ಎದುರು ಮನೆಯ ಮಾಡಿನ ಮೇಲೆ ಕೂತು ಗರಿ ತೀಡಿಕೊಂಡಿತ್ತು. ಆಗ ಫರ್ಮಿನ್ ಕೆಳಗೆ ನಿಂತು ಕಾಳಿನ ಡಬ್ಬಿ ಅಲ್ಲಾಡಿಸುತ್ತಾ, ಆ ಹಕ್ಕಿಯನ್ನು ಮುದ್ದುಗರೆಯುತ್ತಾ, ಒಳಗೊಳಗೇ ಅದರ ಏಳು ತಲೆಮಾರಿಗೆ ಶಾಪ ಹಾಕುತ್ತಿದ್ದ. ಈಗ ವರ್ಷದಿಂದೀಚೆಗೆ ಅವನಿಗೆ ಕೆಮ್ಮು. ಪಾರಿವಾಳದ ಗರಿಪುಡಿ, ಹಿಕ್ಕೆಯ ಧೂಳು ಸೇರಿ ಶ್ವಾಸಕೋಶ ಹಾಳಾಗಿದೆ, ಹಕ್ಕಿ ಬಿಡು ಇಲ್ಲವೇ ಉಸಿರು ಬಿಡು ಎಂದು ಡಾಕ್ಟರು ಹೇಳಿದ್ದರು. ಅವನು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಒಂದು ಬೇಸಿಗೆ ತಳ್ಳಿದ. ಕಡೆಗೆ ಒಂದೊಂದೇ ಹಕ್ಕಿಯನ್ನು ಪಕ್ಕದೂರಿನವರಿಗೆ ಕೊಟ್ಟು, 'ಮದಾಮ್' ಎಂದು ಅವನು ಕರೆಯುತ್ತಿದ್ದ ಒಂದು ಬೂದು ಹೆಣ್ಣನ್ನು ಮಾತ್ರ ಉಳಿಸಿಕೊಂಡ. ಆಗಸ್ಟ್ ಕೊನೆಯ ಭಾನುವಾರ ಫ್ರಾನ್ಸಿನ ಬೂರ್ಜ್ ಊರಿಂದ ಹಾರಿಸುವ ಪಂದ್ಯಕ್ಕೆ ಅದೊಂದನ್ನು ಕಳಿಸಿ, ಸೋಮವಾರ ಅದನ್ನೂ ಕೊಟ್ಟು, ಗೂಡಿಗೆ ಬೀಗ ಹಾಕುವುದು ಎಂದು ಅಣ್ಣ ತಂಗಿಯ ನಡುವೆ ಒಪ್ಪಂದವಾಗಿತ್ತು.

ಈಗ ಪರದೆಯ ವಿಷಯಕ್ಕೆ ಬರೋಣ.

ಪಾರಿವಾಳಗಳನ್ನು ನಾನೂರು ಕಿಲೋಮೀಟರ್ ಆಚೆ ಫ್ರಾನ್ಸಿನಲ್ಲಿ ಬೆಳಿಗ್ಗೆ ಒಟ್ಟಿಗೆ ಹಾರಿಬಿಡುತ್ತಾರೆ. ಒಬ್ಬೊಬ್ಬರ ಗೂಡು ಒಂದೊಂದು ಮೂಲೆಯಲ್ಲಿರುವುದರಿಂದ ಮೊದಲು ಬಂದದ್ದು ಮೊದಲಲ್ಲ. ದೂರವನ್ನು ಹೊತ್ತಿನಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಮೀಟರ್ ಹಾರಿತು ಎಂದು ನೋಡಬೇಕು. ಹಕ್ಕಿ ಗೂಡಿಗೆ ಬಂದಕೂಡಲೇ ಅದರ ಕಾಲಿನ ರಬ್ಬರ್ ಉಂಗುರ ಬಿಡಿಸಿ ಮೊಹರು ಹಾಕಿದ ಗಡಿಯಾರದೊಳಗೆ ಹಾಕಿ ತಿರುವಿದರೆ ಒಳಗಿನ ಕಾಗದದ ಪಟ್ಟಿಯ ಮೇಲೆ ಹೊತ್ತು ಅಚ್ಚಾಗುತ್ತದೆ. ಆ ಗಡಿಯಾರಗಳನ್ನು ಹೊತ್ತುಕೊಂಡು ಮಧ್ಯಾಹ್ನ ಎಲ್ಲರೂ ಮಾರ್ಸೆಲ್ಲಾಳ ಕಫೆಗೆ ಬರುತ್ತಾರೆ. ಸಂಘದ ಅಧ್ಯಕ್ಷ, ಎಂಬತ್ತೊಂದರ ಯೆರೂನ್, ಎಲ್ಲರ ಕಣ್ಣೆದುರು ಮೊಹರು ಒಡೆದು ಹೊತ್ತನ್ನು ಗಟ್ಟಿಯಾಗಿ ಓದುತ್ತಾನೆ. ಎರ್ನಾ ಟೈಪ್ ಮಾಡಿಕೊಳ್ಳುತ್ತಾಳೆ.

ಮುಂದಿನದ್ದು ಮ್ಯಾಕ್ರೊ. ಅಂದರೆ, ಸ್ಪ್ರೆಡ್‌ಶೀಟಿನಲ್ಲಿ ಒಮ್ಮೆ ಕೈಯಾರೆ ಮಾಡಿ ತೋರಿಸಿದ ಕೆಲಸವನ್ನು ಕಂಪ್ಯೂಟರು ನೆನಪಿಟ್ಟುಕೊಂಡು ತಾನೇ ಮತ್ತೆ ಮತ್ತೆ ಮಾಡುವುದು. ಎರ್ನಾ ತನಗೆ ಹೇಗೆ ಅಭ್ಯಾಸವೋ ಹಾಗೆ ಮಾಡಿ ತೋರಿಸಿದ್ದಳು: ದೂರದ ಹಾಳೆಗೆ ಹೋಗು, ಅಂಕಿ ತೆಗೆದುಕೋ, ಹೊತ್ತಿನ ಹಾಳೆಗೆ ಬಾ, ಭಾಗಿಸು, ಫಲಿತಾಂಶದ ಹಾಳೆಗೆ ಹೋಗು, ಅಂಟಿಸು, ಮೇಲಿಂದ ಕೆಳಕ್ಕೆ ಜೋಡಿಸು. ಪಾಪದ ಯಂತ್ರ ಪ್ರತಿ ಹಕ್ಕಿಗೂ ಅಷ್ಟೂ ಓಡಾಟ ಓಡುತ್ತಿತ್ತು. ಎಂಬತ್ತು ತೊಂಬತ್ತು ಹಕ್ಕಿಗೆ ಆರು ನಿಮಿಷ. ಆ ಆರು ನಿಮಿಷವೂ ಡಾರ್ಟ್ ಬೋರ್ಡಿನ ಪಕ್ಕದ ಗೋಡೆಯ ಮೇಲೆ ಪ್ರೊಜೆಕ್ಟರ್ ಬೀರಿದ ಚಿತ್ರ ಪಟಪಟ ಕುಣಿಯುತ್ತಿತ್ತು. ಬಿಳಿ, ಹಸಿರು, ಬಿಳಿ, ಒಂದು ಹೆಸರು ಮೇಲೆ, ಇನ್ನೊಂದು ಕೆಳಗೆ, ಮತ್ತೆ ಬಿಳಿ. ಯೆರೂನ್ ತಲೆನೋವು ತಾಳಲಾರದೆ ಕುರ್ಚಿ ತಿರುಗಿಸಿಕೊಂಡು ಶೌಚಾಲಯದ ಬಾಗಿಲು ನೋಡುತ್ತಾ ಕೂರುತ್ತಿದ್ದ. ಉಳಿದವರಿಗೆ ಮಾತ್ರ ಅದು ಹಬ್ಬ. ಲೆಕ್ಕವಾದ ಹಾಗೆ ಹೆಸರುಗಳು ಏರುತ್ತಿಳಿಯುತ್ತಿದ್ದರೆ, ಹಕ್ಕಿಗಳು ಅಲ್ಲೇ ಗೋಡೆಯ ಮೇಲೆ ಹಾರುತ್ತಿವೆಯೇನೋ ಎಂಬಂತೆ ಕೂಗಾಡುತ್ತಿದ್ದರು. ಪಂದ್ಯ ಎಂದೋ ಮುಗಿದಿದೆ, ಹಕ್ಕಿಗಳು ಮನೆಯಲ್ಲಿ ಕಾಳು ತಿನ್ನುತ್ತಿವೆ ಎಂದು ಎರ್ನಾ ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗಲಿಲ್ಲ.

ನಮ್ಮಲ್ಲೊಂದು ಪದ್ಧತಿ. ಮೊದಲು ಬಂದವನು ಕಫೆಯಲ್ಲಿದ್ದವರಿಗೆಲ್ಲ ಒಂದೊಂದು ಬಿಯರ್ ಕೊಡಿಸಬೇಕು. ಕೊಟ್ಟದ್ದನ್ನು ಎಲ್ಲರೂ ಕುಡಿಯಬೇಕು. ಕುಡಿದರೆ ಗೆಲುವನ್ನು ಒಪ್ಪಿದ ಹಾಗೆ. ಕಾಗದ, ಸಹಿ, ಮೊಹರು ಎಲ್ಲ ಆಮೇಲಿನ ಮಾತು.

ಜುಲೈಯಲ್ಲಿ ಸಿಲ್ವೇರ್ ಎಡವಟ್ಟು ಮಾಡಿಕೊಂಡ. ಸಿಲ್ವೇರ್ ಊರಿನ ಮಾಂಸದಂಗಡಿಯವನು, ನಮ್ಮಲ್ಲೆಲ್ಲ ಜೋರು ಬಾಯಿ, ಕೈ ಮಾತ್ರ ಬಾಯಿಯಷ್ಟು ಉದಾರವಲ್ಲ. ಪರದೆ ಕುಣಿಯುತ್ತಿದ್ದಾಗ ತನ್ನ ಹೆಸರು ಎಲ್ಲರಿಗಿಂತ ಮೇಲೆ ನಿಂತದ್ದು ಕಂಡು, ಒಂದು ನಿಮಿಷ ಅಲ್ಲಾಡದ್ದೂ ಕಂಡು, ಎದ್ದು ನಿಂತು ಎಲ್ಲರಿಗೂ ಬಿಯರ್ ಎಂದು ಕೂಗಿಬಿಟ್ಟ. ಮಾರ್ಸೆಲ್ಲಾ ತಡಮಾಡುವ ಹೆಂಗಸಲ್ಲ. ಗ್ಲಾಸುಗಳು ಬಂದು, ಖಾಲಿಯಾಗಿ, ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಪರದೆ ನಿಂತಿತು. ಸಿಲ್ವೇರ್ ಹನ್ನೊಂದನೆಯವನು. ನಿಜವಾಗಿ ಗೆದ್ದವನು ಮತ್ತೊಂದು ಸುತ್ತು ಕೊಡಿಸಿದ. ಅಂದು ಸಂಜೆ ಸಂಘಕ್ಕೆ ಸಂಘವೇ ಸಂತೋಷದಲ್ಲಿ ಮುಳುಗಿತ್ತು, ಸಿಲ್ವೇರ್ ಒಬ್ಬ ಇಂಗು ತಿಂದ ಮಂಗನ ಹಾಗೆ ಮೂಲೆಯಲ್ಲಿ ಕೂತಿದ್ದ.

ಮುಂದಿನ ಸಭೆಯಲ್ಲಿ ಅವನು ಮಂಡಿಸಿದ ವಿಷಯ ಒಂದೇ. ಆ ಕುಣಿತ ನಿಲ್ಲಬೇಕು, ಕೊನೆಯ ಫಲಿತಾಂಶ ಮಾತ್ರ ಗೋಡೆಗೆ ಬರಬೇಕು. ಯೆರೂನ್ ತನ್ನ ತಲೆನೋವಿನ ಪರವಾಗಿ ಕೈ ಎತ್ತಿದ. ಉಳಿದವರು ಸಿಲ್ವೇರನಂತೆ ತಾವೂ ಒಂದು ದಿನ ಸಿಕ್ಕಿಬಿದ್ದಾರು ಎಂದು ಹೆದರಿ ಕೈ ಎತ್ತಿದರು. ನಿರ್ಣಯ ಪಾಸಾಯಿತು.

ಎರ್ನಾ ತನ್ನ ಜೊತೆ ಕಚೇರಿಯಲ್ಲಿದ್ದ ಹಿಲ್ಡಾಗೆ ಫೋನ್ ಮಾಡಿದಳು. ಹಿಲ್ಡಾ ಕೇಳಿ ನಕ್ಕಳು. ಶುರುವಿನಲ್ಲಿ ಒಂದು ಸಾಲು ಸೇರಿಸು, ಪರದೆಯ ಮೇಲೆ ಚಿತ್ರ ಬಿಡಿಸಬೇಡ ಅಂತ. ಕೊನೆಯಲ್ಲಿ ಇನ್ನೊಂದು, ಈಗ ಬಿಡಿಸು ಅಂತ. ಅಷ್ಟೇ. ಯಂತ್ರ ಅದೇ ಓಡಾಟ ಓಡುತ್ತದೆ, ಆದರೆ ಪ್ರತಿ ಹೆಜ್ಜೆಯನ್ನೂ ನಮಗೆ ಚಿತ್ರ ಬರೆದು ತೋರಿಸುವ ತಾಪತ್ರಯ ತಪ್ಪುವುದರಿಂದ ಬೇಗ ಮುಗಿಸುತ್ತದೆ ಎಂದಳು. ಎರ್ನಾ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪಂದ್ಯದ ಅಂಕಿ ಹಾಕಿ ನೋಡಿದಳು. ಆರು ನಿಮಿಷದ ಕೆಲಸ ಒಂಬತ್ತು ಸೆಕೆಂಡಿಗೆ ಮುಗಿಯಿತು. ಅಂಕಿಗಳು ಒಂದೂ ಬದಲಾಗಿರಲಿಲ್ಲ. ಹನ್ನೊಂದು ವರ್ಷದ ಭಾನುವಾರಗಳನ್ನೆಲ್ಲ ಆರಾರು ನಿಮಿಷದಂತೆ ಕೂಡಿಸಿ, ಎಷ್ಟು ಆಯುಷ್ಯ ಈ ಗಂಡಸರ ಕೂಗಾಟ ಕೇಳುವುದರಲ್ಲಿ ಹೋಯಿತೆಂದು ಲೆಕ್ಕ ಹಾಕಲು ಹೊರಟಳು, ಬೇಡವೆಂದು ಬಿಟ್ಟಳು.

ಹೀಗೆ ಕುಣಿತ ನಿಂತ ಮೊದಲ ಭಾನುವಾರವೇ ಬೂರ್ಜ್ ಪಂದ್ಯದ ಭಾನುವಾರ. ಇದರಲ್ಲಿ ಏನಾದರೂ ಎಡವಟ್ಟಿದೆ ಎಂದು ಎರ್ನಾಗೆ ಹೊಳೆಯಲಿಲ್ಲ. ಅಣ್ಣ ಗೆಲ್ಲಬಹುದು ಎಂಬ ಯೋಚನೆ ತಲೆಗೆ ಬಂದಿದ್ದರಲ್ಲವೇ ಹೊಳೆಯುವುದು.

ಅಂದು ಮಧ್ಯಾಹ್ನ ಕಫೆ ತುಂಬಿತ್ತು. ಸಿಲ್ವೇರ್ ಬಂದವನೇ ತನ್ನ ಹಕ್ಕಿ ಬಂದ ಹೊತ್ತನ್ನು ಮೂರು ಮೇಜಿಗೆ ಕೇಳುವ ಹಾಗೆ ಹೇಳಿಕೊಂಡ. ಅಷ್ಟು ಬೇಗ ಯಾರದ್ದೂ ಬಂದಿರಲಿಲ್ಲ. ಫರ್ಮಿನ್ ಎಂದಿನಂತೆ ಎಲ್ಲರಿಗಿಂತ ಕೊನೆಗೆ, ಗಡಿಯಾರವನ್ನು ಎದೆಗವಚಿಕೊಂಡು, ಎರಡು ಕಡೆ ನಿಂತು ಕೆಮ್ಮಿ ಬಂದ. ಯೆರೂನ್ ಅವನ ಪಟ್ಟಿ ಓದಿದ. ಮದಾಮ್ ಬಂದದ್ದು ಸಿಲ್ವೇರನ ಹಕ್ಕಿಗಿಂತ ಒಂದು ನಿಮಿಷ ಇಪ್ಪತ್ತು ಸೆಕೆಂಡು ತಡವಾಗಿ. ಸಿಲ್ವೇರ್ ದೊಡ್ಡ ಮನಸ್ಸಿನಿಂದ ಫರ್ಮಿನ್‌ನ ಬೆನ್ನು ತಟ್ಟಿದ. ಕೊನೆಯ ಪಂದ್ಯದಲ್ಲಿ ಇಷ್ಟಾದರೂ ಬಂದೆಯಲ್ಲ ಎಂದ. ಫರ್ಮಿನ್‌ನ ಗೂಡು ಸಿಲ್ವೇರನದಕ್ಕಿಂತ ಸಾವಿರದ ಒಂಬೈನೂರು ಮೀಟರ್ ಆಚೆಗಿದೆ ಎಂಬುದನ್ನು ಅಲ್ಲಿ ಯಾರೂ ಆಗ ನೆನೆಯಲಿಲ್ಲ.

ಎರ್ನಾ ಗುಂಡಿ ಒತ್ತಿದಳು. ಗೋಡೆಯ ಮೇಲಿನ ಚಿತ್ರ ಅಲ್ಲಾಡದೆ ನಿಂತಿತು. ಹತ್ತೊಂಬತ್ತು ಗಂಡಸರು ಅಭ್ಯಾಸಬಲದಿಂದ ಕೂಗಲು ಬಾಯಿ ತೆರೆದು, ಕೂಗಲು ಏನೂ ಇಲ್ಲದೆ ಹಾಗೇ ಕೂತರು. ಒಂಬತ್ತು ಸೆಕೆಂಡಾದ ಮೇಲೆ ಪಟ್ಟಿ ಬಂತು. ಒಂದನೆಯದು ಬಾಕೆಲಾಂಟ್ ಫರ್ಮಿನ್, ನಿಮಿಷಕ್ಕೆ ೧೩೪೭.೨೨ ಮೀಟರ್. ಎರಡನೆಯದು ಸಿಲ್ವೇರ್, ೧೩೪೬.೯೦.

ಚಪ್ಪಾಳೆ ಬರಲಿಲ್ಲ. ಮಾರ್ಸೆಲ್ಲಾಳ ಗ್ಲಾಸು ತೊಳೆಯುವ ನೀರಿನ ಸದ್ದು ಕೇಳುತ್ತಿತ್ತು. ಎಲ್ಲರೂ ಗೋಡೆ ನೋಡಿದರು, ಫರ್ಮಿನ್‌ನನ್ನು ನೋಡಿದರು, ಆಮೇಲೆ ಲ್ಯಾಪ್‌ಟಾಪಿನ ಹಿಂದೆ ಕೂತ ಅವನ ತಂಗಿಯನ್ನು ನೋಡಿದರು. ನಲವತ್ತೊಂದು ವರ್ಷ ಗೆಲ್ಲದವನು, ತಂಗಿ ಪರದೆ ನಿಲ್ಲಿಸಿದ ದಿನವೇ, ಕೊನೆಯ ಪಂದ್ಯದಲ್ಲಿ, ಗೆದ್ದಿದ್ದ. ಯಾರೂ ಏನೂ ಅನ್ನಬೇಕಾಗಿರಲಿಲ್ಲ. ಆದರೂ ಸಿಲ್ವೇರ್ ಅಂದ.

"ಮುಂಚೆ ಎಲ್ಲಾ ಕಣ್ಮುಂದೆ ನಡೀತಿತ್ತು. ಈಗ ಒಳಗೊಳಗೇ ಏನು ನಡೀತೋ ಆ ದೇವರಿಗೇ ಗೊತ್ತು."

ಕುಣಿತ ನಿಲ್ಲಿಸು ಎಂದವನು ನೀನೇ ಅಲ್ಲವೇ ಎಂದು ಎರ್ನಾ ಕೇಳಿದಳು. ತಾನು ನಿಲ್ಲಿಸು ಅಂದದ್ದು ಕುಣಿತವನ್ನು, ಲೆಕ್ಕವನ್ನು ಮುಚ್ಚಿಡು ಅಂದಿರಲಿಲ್ಲ ಎಂದ ಸಿಲ್ವೇರ್. ಒಂಬತ್ತು ಸೆಕೆಂಡಿನಲ್ಲಿ ಎಂಬತ್ತೇಳು ಹಕ್ಕಿಯ ಲೆಕ್ಕ ಮಾಡಲು ಸಾಧ್ಯವೇ, ಇಷ್ಟು ವರ್ಷ ಆರು ನಿಮಿಷ ಹಿಡಿಯುತ್ತಿತ್ತಲ್ಲ ಎಂದು ಇನ್ನೊಬ್ಬ ಗೊಣಗಿದ. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ, ಬರೀ ದಡ್ಡತನವಿತ್ತು. ಎರ್ನಾಗೆ ಅದೇ ಹೆಚ್ಚು ಉರಿಯಿತು.

ಫರ್ಮಿನ್‌ಗೆ ಇದೊಂದೂ ಕಿವಿಗೆ ಬಿದ್ದಂತಿರಲಿಲ್ಲ. ಅವನು ಗೋಡೆಯನ್ನೇ ನೋಡುತ್ತಾ ಟೋಪಿ ತೆಗೆದಿದ್ದ. ಆಮೇಲೆ ಪದ್ಧತಿಯಂತೆ ಎದ್ದು ನಿಂತ. ನಲವತ್ತೊಂದು ವರ್ಷ ಬೇರೆಯವರ ಬಾಯಲ್ಲಿ ಕೇಳಿದ ಮಾತನ್ನು, ಕೆಮ್ಮು ಬಾರದಂತೆ ಉಸಿರು ಹಿಡಿದು, ನಿಧಾನವಾಗಿ ಹೇಳಿದ.

"ಮಾರ್ಸೆಲ್ಲಾ, ಎಲ್ಲಾರ್ಗೂ ಒಂದೊಂದು. ನನ್ನ ಲೆಕ್ಕ."

ಹತ್ತೊಂಬತ್ತು ಗ್ಲಾಸು ತುಂಬಿ ಬಂದವು. ಸಿಲ್ವೇರ್ ತನ್ನದನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ, ಡಾಕ್ಟರು ಬೇಡ ಎಂದಿದ್ದಾರೆ ಎಂದ. ಪಕ್ಕದವನಿಗೆ ಕಾರು ಓಡಿಸಬೇಕಾಗಿತ್ತು. ಅವನ ಮನೆ ಕಫೆಯ ಎದುರಿಗೇ. ಇನ್ನೊಬ್ಬನಿಗೆ ಹೊಟ್ಟೆ ಸರಿಯಿರಲಿಲ್ಲ. ಒಬ್ಬರನ್ನು ನೋಡಿ ಒಬ್ಬರು, ಕುಡಿಯೋಣವೆಂದು ಗ್ಲಾಸು ಹಿಡಿದವರೂ ಕೈ ಬಿಟ್ಟರು. ಯೆರೂನ್ ಮಾತ್ರ ಒಂದು ಗುಟುಕು ಕುಡಿದ, ಆದರೆ ಅವನು ಸತ್ತವರ ಮನೆಯಲ್ಲೂ ಕುಡಿಯುವವನು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜ್ವಾನ್‌ಬೇಕದಲ್ಲಿ ಒಬ್ಬನ ಮುಖಕ್ಕೆ ಉಗಿಯಬೇಕಾದರೆ ಉಗಿಯಬೇಕಾಗಿಲ್ಲ, ಅವನು ಗೆದ್ದು ಕೊಡಿಸಿದ ಬಿಯರನ್ನು ಕುಡಿಯದಿದ್ದರೆ ಸಾಕು.

ಫರ್ಮಿನ್ ತನ್ನ ಗ್ಲಾಸನ್ನು ಒಬ್ಬನೇ, ಅವಸರವಿಲ್ಲದೆ, ಪೂರ್ತಿ ಕುಡಿದ. ಟೋಪಿ ಹಾಕಿಕೊಂಡ. ಗಡಿಯಾರ ಎತ್ತಿಕೊಂಡು, ಹಕ್ಕಿಗೆ ನೀರಿಡಬೇಕು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಹೊರಟುಹೋದ. ಬಾಗಿಲಾಚೆ ಅವನ ಕೆಮ್ಮು ಬೀದಿಯ ತಿರುವಿನ ತನಕ ಕೇಳಿಸಿತು.

ಎರ್ನಾಗೆ ಸಿಟ್ಟು ಬಂತು. ಅದಕ್ಕಿಂತ ಮೊದಲು ಅಳು ಬಂತು, ಈ ಗುಂಪಿನ ಮುಂದೆ ಅಳು ಬಂತಲ್ಲ ಎಂದು ಸಿಟ್ಟು ದುಪ್ಪಟ್ಟಾಯಿತು. ತಾನು ದ್ವೇಷಿಸುವ ಹಕ್ಕಿಗಳ ಲೆಕ್ಕವನ್ನು ಹನ್ನೊಂದು ವರ್ಷ ಒಂದಂಕಿ ತಪ್ಪದೆ ಮಾಡಿದ್ದಳು. ಅಣ್ಣನನ್ನು ನಾಲ್ಕನೆಯವನು, ಒಂಬತ್ತನೆಯವನು, ಹದಿನೇಳನೆಯವನು ಎಂದು ಬರೆದಾಗ ಯಾರೂ ಅನುಮಾನಪಟ್ಟಿರಲಿಲ್ಲ. ಪಟ್ಟಿಗಳನ್ನು ತೆಗೆದು ಸಿಲ್ವೇರನ ಮುಂದೆ ಎಸೆದು, ಕಾಗದ ಪೆನ್ನು ಕೊಟ್ಟು, ನೀನೇ ಭಾಗಿಸಿ ನೋಡು ಎಂದಳು. ಸಿಲ್ವೇರ್ ಆ ಅಂಕಿಗಳನ್ನು ಕಂಡು ಕಣ್ಣು ಕಣ್ಣು ಬಿಟ್ಟ. ಪಕ್ಕದವನ ಕಡೆ ತಳ್ಳಿದ. ಪಕ್ಕದವನು ಅವನ ಪಕ್ಕದವನ ಕಡೆ ತಳ್ಳಿದ. ಕಾಗದ ಮೇಜು ಸುತ್ತಿ, ಬಿಳಿಯಾಗೇ ಎರ್ನಾಳ ಹತ್ತಿರ ವಾಪಸು ಬಂತು.

"ಲೆಕ್ಕ ಗಿಕ್ಕ ನಮ್ಗೆ ಬೇಡ ಕಣಮ್ಮ" ಎಂದ ಸಿಲ್ವೇರ್. "ಮೊದಲಿನ ಥರ ತೋರ್ಸು. ಅದು ಕೆಲಸ ಮಾಡೋದನ್ನ ನಾವು ನೋಡ್ಬೇಕು."

ಇಷ್ಟು ವರ್ಷ ಇವರು ತನ್ನನ್ನು ನಂಬಿದ್ದರೆಂದುಕೊಂಡಿದ್ದಳು. ಇವರು ನಂಬಿದ್ದು ಗೋಡೆಯ ಮೇಲಿನ ಕುಣಿತವನ್ನು. ಯಂತ್ರ ಬೆವರು ಸುರಿಸುವುದು ಕಂಡರೆ ಸಾಕು, ಅದು ಏನು ಮಾಡುತ್ತಿದೆ ಎಂಬುದು ಇವರಿಗೆ ಬೇಕಿರಲಿಲ್ಲ. ಅವಳು ಹಿಲ್ಡಾ ಹೇಳಿಕೊಟ್ಟ ಎರಡು ಸಾಲುಗಳ ಮುಂದೆ, ಯಂತ್ರ ಅವನ್ನು ದಾಟಿ ಹೋಗುವಂತೆ, ಒಂದೊಂದು ಸಣ್ಣ ಗೀಟು ಹಾಕಿದಳು. ಯೆರೂನ್ ಅದನ್ನು ಕಂಡು ನಿಟ್ಟುಸಿರು ಬಿಟ್ಟು ಕುರ್ಚಿ ತಿರುಗಿಸಿಕೊಂಡ. ಎರ್ನಾ ಗುಂಡಿ ಒತ್ತಿದಳು.

ಪರದೆ ಕುಣಿಯತೊಡಗಿತು. ಬಿಳಿ, ಹಸಿರು, ಬಿಳಿ. ಎರಡನೆಯ ನಿಮಿಷಕ್ಕೆ ಕಫೆಯ ತುಂಬ ಕೂಗು. ಒಳಗೆ ನಡೆಯುತ್ತಿದ್ದುದು ಅದೇ ಭಾಗಾಕಾರ, ಅದೇ ಜೋಡಣೆ. ಆದರೆ ಈಗ ಅದು ಪ್ರಾಮಾಣಿಕವಾಗಿತ್ತು. ಬೇಗನೆ ಸಿಲ್ವೇರನ ಹೆಸರು ಎಲ್ಲರಿಗಿಂತ ಮೇಲೆ ಹೋಗಿ ಕೂತಿತು. ಮೂರನೆಯ ನಿಮಿಷ, ನಾಲ್ಕನೆಯ ನಿಮಿಷ, ಕೆಳಗೆ ಹೆಸರುಗಳು ಒದ್ದಾಡುತ್ತಿದ್ದವು, ಅವನದು ಕದಲಲಿಲ್ಲ. ಐದನೆಯ ನಿಮಿಷಕ್ಕೆ ಅವನ ಬಲಗೈ ತಾನಾಗಿ ಮಾರ್ಸೆಲ್ಲಾಳ ಕಡೆ ಅರ್ಧ ಎದ್ದಿತ್ತು. ಗಡಿಯಾರ ತಂದ ಕ್ರಮದಲ್ಲಿ ಲೆಕ್ಕವಾಗುವುದು, ಕೊನೆಗೆ ತಂದವನು ಯಾರು ಎಂಬುದು ಅವನ ನೆನಪಿಗೆ ಬರುವ ಮೊದಲೇ ಪರದೆ ಕಡೆಯ ಸಲ ಬೆಳ್ಳಗಾಯಿತು. ಮತ್ತೆ ಹಾಳೆ ಮೂಡಿದಾಗ ಫರ್ಮಿನ್ ಮೇಲಿದ್ದ. ೧೩೪೭.೨೨. ಸಿಲ್ವೇರ್ ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.

ಈಗ ಎಲ್ಲರಿಗೂ ಸಮಾಧಾನವಾಯಿತು. ಅಬ್ಬಾ, ಎಂಥ ಹಕ್ಕಿ, ಕೊನೇ ಗಳಿಗೆಯಲ್ಲಿ ಹೇಗೆ ನುಗ್ಗಿ ಬಂತು ನೋಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಗ್ಲಾಸುಗಳು ಎದ್ದವು. ನೊರೆಯೆಲ್ಲ ಇಳಿದು ಬಿಯರು ಬೆಚ್ಚಗಾಗಿತ್ತು, ಆದರೂ ಗಟಗಟ ಕುಡಿದರು. ಕಾರು ಓಡಿಸಬೇಕಾದವನು ಕುಡಿದ, ಹೊಟ್ಟೆ ಸರಿಯಿಲ್ಲದವನು ಕುಡಿದ. ಡಾಕ್ಟರು ಬೇಡವೆಂದ ಸಿಲ್ವೇರ್ ಎರಡು ಗುಟುಕಿನಲ್ಲಿ ಮುಗಿಸಿ, ಎರ್ನಾಳ ಹತ್ತಿರ ಬಂದು, ಪಾರಿವಾಳ ಚೆನ್ನಾಗಿದೆ ಎಂದ. ಅವನ ಬಾಯಿಂದ ತಪ್ಪಾಯಿತು ಎನ್ನುವುದಕ್ಕೆ ಅದಕ್ಕಿಂತ ಹತ್ತಿರದ ಮಾತು ಈವರೆಗೆ ಬಂದಿರಲಿಲ್ಲ.

"ನನ್ಹತ್ರ ಹೇಳ್ಬೇಡ" ಎಂದಳು ಎರ್ನಾ. "ಅವನ ಮುಖಕ್ಕೆ ಹೊಡೆದ ಹಾಗೆ ಮಾಡಿದ್ಯಲ್ಲ, ಹೋಗಿ ಅವನ್ಹತ್ರ ಹೇಳು."

ಎಲ್ಲರೂ ಬರಬೇಕೆಂದು ಅವಳ ಮನಸ್ಸು. ಆದರೆ ಮಾರ್ಸೆಲ್ಲಾ ಅಷ್ಟರಲ್ಲಿ ಸಾಸಿವೆ ಹಚ್ಚಿದ ಚೀಸ್ ತುಂಡುಗಳನ್ನು ತಂದಿಟ್ಟಿದ್ದಳು, ಚೀಸ್ ಬಿಟ್ಟು ಪಶ್ಚಾತ್ತಾಪಕ್ಕೆ ಹೊರಡುವ ಜನವಲ್ಲ ನಮ್ಮದು. ಸಿಲ್ವೇರ್ ಒಬ್ಬ ಹೊರಟ. ಹೊಸದಾಗಿ ಒಂದು ಗ್ಲಾಸು ತುಂಬಿಸಿ, ಅದರ ಮೇಲೆ ರಟ್ಟಿನ ಬಿಲ್ಲೆ ಮುಚ್ಚಿ, ತುಳುಕದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಲ್ಯಾಪ್‌ಟಾಪ್ ಕಂಕುಳಿಗೆ ಸಿಕ್ಕಿಸಿಕೊಂಡ ಎರ್ನಾಳ ಹಿಂದೆ ಚರ್ಚಿನ ಬೀದಿಯಲ್ಲಿ ನಡೆದ. ಎದುರಾದವರು ನಿಂತು ನೋಡಿದರು.

ಫರ್ಮಿನ್ ಹಿತ್ತಿಲಲ್ಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಮುಖಕ್ಕೆ ಮಾಸ್ಕ್ ಇತ್ತು. ಗೂಡಿನ ಬಾಗಿಲು ತೆರೆದಿತ್ತು, ಮದಾಮ್ ತಟ್ಟೆಯ ನೀರಿನಲ್ಲಿ ರೆಕ್ಕೆ ಬಡಿದುಕೊಂಡು ಸ್ನಾನ ಮಾಡುತ್ತಿತ್ತು. ಅಣ್ಣ ಅದನ್ನು ನೋಡುತ್ತಿದ್ದ ರೀತಿ ಕಂಡು ಎರ್ನಾಗೆ ಒಂದು ಕ್ಷಣ ಆ ಹಕ್ಕಿಯ ಮೇಲಿನ ದ್ವೇಷವೂ ಸಡಿಲವಾಯಿತು. ಸಿಲ್ವೇರ್ ಗ್ಲಾಸು ಚಾಚಿದ.

"ನಿಂದೇ ಮೊದಲು ಕಣಯ್ಯಾ. ಎಲ್ಲಾರೂ ಕುಡಿದ್ರು. ಪರದೆ ಮೇಲೆ ಇನ್ನೊಂದ್ಸಲ ಹಾಕ್ಸಿ ನೋಡಿದ್ವಿ."

ಫರ್ಮಿನ್ ಗ್ಲಾಸು ತೆಗೆದುಕೊಂಡ, ಆದರೆ ಬಾಯಿಗಿಡಲಿಲ್ಲ. ಎಲ್ಲರೂ ನೋಡಿದರೇ ಎಂದು ಕೇಳಿದ. ಎಲ್ಲರೂ ನೋಡಿದೆವು, ಕೊನೆಯ ಗಳಿಗೆಯಲ್ಲಿ ನುಗ್ಗಿ ಬಂತು, ಕಫೆ ಕಿತ್ತು ಹೋಗುವ ಹಾಗೆ ಕೂಗಿದರು ಎಂದು ಸಿಲ್ವೇರ್ ಕೈ ಆಡಿಸಿ ವರ್ಣಿಸಿದ. ತಾನು ಕೂಗಿರಲಿಲ್ಲ ಎಂಬುದನ್ನು ಬಿಟ್ಟ. ಫರ್ಮಿನ್ ಪೂರ್ತಿ ಕೇಳಿಸಿಕೊಂಡು, ತಂಗಿಯ ಕಡೆ ತಿರುಗಿದ.

"ನಾನೊಬ್ನೇ ನೋಡ್ಲಿಲ್ಲ."

ನಲವತ್ತೊಂದು ವರ್ಷ ಈ ಮನುಷ್ಯ ಆ ಗೋಡೆಯ ಮುಂದೆ ಕೂತು, ಬೇರೆಯವರ ಹೆಸರು ಮೇಲೇರುವುದನ್ನು ನೋಡಿದ್ದ, ಗೋಡೆ ಇಲ್ಲದ ಕಾಲದಲ್ಲಿ ಬೇರೆಯವರ ಹೆಸರನ್ನು ಕಿವಿಯಿಂದ ಕೇಳಿದ್ದ. ಒಂಬತ್ತು ಸೆಕೆಂಡಿನ ಮೌನದ ಕೊನೆಗೆ ಪಟ್ಟನೆ ಬಂದು ನಿಂತ ಒಂದು ಸಾಲು ಮಾತ್ರ ಅವನ ಪಾಲಿಗೆ ಬಂದಿತ್ತು. ಆ ಲೆಕ್ಕವನ್ನು ಚುರುಕು ಮಾಡಿದವಳು ತಾನೇ ಎಂದು ಎರ್ನಾಗೆ ಹೊಳೆಯಿತು. ಅವಳು ಕಾಳಿನ ಡಬ್ಬದ ಮುಚ್ಚಳದ ಮೇಲಿನ ಹಿಕ್ಕೆಯನ್ನು ತೋಳಿನಿಂದ ಒರೆಸಿ, ಲ್ಯಾಪ್‌ಟಾಪ್ ಇಟ್ಟು ತೆರೆದಳು.

ಆರು ನಿಮಿಷ ಮೂವರೂ ಬಗ್ಗಿ ನೋಡಿದರು. ಸಣ್ಣ ಪರದೆ, ಬಿಸಿಲು ಬೇರೆ. ಫರ್ಮಿನ್ ಟೋಪಿ ತೆಗೆದು ಅದಕ್ಕೆ ನೆರಳು ಮಾಡಿದ. ಸಿಲ್ವೇರನ ಹೆಸರು ಮೇಲೆ ಹೋಗಿ ಕೂತಾಗ ಅವನ ಉಸಿರು ಬಿಗಿಯಿತು, ಫಲಿತಾಂಶ ಗೊತ್ತಿದ್ದೂ ಬಿಗಿಯಿತು. ಐದನೆಯ ನಿಮಿಷದಲ್ಲಿ ಮಾಸ್ಕ್ ಕಿತ್ತು ಗಲ್ಲದ ಕೆಳಗೆ ಎಳೆದುಕೊಂಡ. ಎರ್ನಾ ಅದನ್ನು ಕಂಡೂ ಪರದೆಯ ಕಡೆ ತಿರುಗಿದಳು. ಪರದೆ ಬೆಳ್ಳಗಾಗಿ ಮತ್ತೆ ಮೂಡಿತು. ಅವನ ಹೆಸರು ಎಲ್ಲಕ್ಕಿಂತ ಮೇಲೆ ಬಂದು, ಅಲ್ಲೇ ನಿಂತಿತು. ಅದರ ಮೇಲೆ ಹೋಗಲು ಇನ್ನು ಯಾರೂ ಉಳಿದಿರಲಿಲ್ಲ. ಫರ್ಮಿನ್ ಬಹಳ ಹೊತ್ತು ಅದನ್ನೇ ನೋಡಿ, ತೋಳಿನಿಂದ ಕಣ್ಣೊರೆಸಿಕೊಂಡು, ಬಿಯರಿನ ಒಂದು ಗುಟುಕು ಕುಡಿದ.

"ಇನ್ನೊಂದ್ಸಲ ಹಾಕು ತಂಗಿ."

"ಮತ್ತ್ಯಾಕೆ?" ಎಂದ ಸಿಲ್ವೇರ್. "ನಾನು ಬೀಳೋದನ್ನ ಮತ್ತೆ ನೋಡೋಕಾ?"

"ಹೌದು" ಎಂದ ಫರ್ಮಿನ್.

ಎರ್ನಾ ಗುಂಡಿ ಒತ್ತಿದಳು.